ಮುದಕಪ್ಪ ಮಾಸ್ತರರ ನಾಲ್ಕು ಕರಿ ಸಾಲು

ಮುದಕಪ್ಪ ಮಾಸ್ತರರು ತೀರಿಕೊಂಡು ಎರಡು ತಿಂಗಳಾಯಿತು. ಬೈಲಹೊಂಗಲದಲ್ಲಿ ಅವರನ್ನು ನೆನೆಯುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಪ್ಪೆಯನ್ನು ಹಿಡಿದು ತಂದು, ಅದರ ಗಂಟಲು ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತದೆಂದು ಹುಡುಗರಿಂದ ಎಣಿಸಿ, ಸಾಲೆ ಬಿಟ್ಟ ಮೇಲೆ ಅದನ್ನು ತಾವೇ ಹಳ್ಳಕ್ಕೆ ಬಿಟ್ಟು ಬರುತ್ತಿದ್ದರಂತೆ. ಅದೂ ನಿಜ. ಆದರೆ ಅವರ ಬದುಕು ಯಾವ ದಾರಿ ಹಿಡಿಯಿತೆಂದು ತಿಳಿಯಬೇಕಾದರೆ ೧೯೧೩ರ ಹಿಂಗಾರಿಯ ಅರ್ಧ ಎಕರೆ ಜೋಳದ ಸಂಗತಿ ತಿಳಿದಿರಬೇಕು.

ಅವರು ಸಿರಸಂಗಿಯ ಒಕ್ಕಲು ಮನೆಯವರು. ಧಾರವಾಡದಲ್ಲಿ ಓದಿ, ಬೈಲಹೊಂಗಲದಲ್ಲಿ ಊರವರು ಕೂಡಿ ನಡೆಸುತ್ತಿದ್ದ ಇಂಗ್ಲಿಷ್ ಸಾಲೆಗೆ ಮಾಸ್ತರರಾಗಿ ಬಂದಾಗ ಇಪ್ಪತ್ತೇಳು ವಯಸ್ಸು. ತಂದೆ ಇರಲಿಲ್ಲ; ತಾಯಿ ಲಗಮವ್ವ ಜೊತೆಗೆ ಬಂದಳು. ಸಾಲೆಯಲ್ಲಿ ಅವರ ಪಾಲಿಗೆ ಬಂದದ್ದು ವ್ಯಾಕರಣ ಮತ್ತು ಗಣಿತ. ಗಿಡ, ಪ್ರಾಣಿಗಳ ವಿಷಯ ಪುಸ್ತಕದಲ್ಲಿ ನಾಲ್ಕು ಪುಟ ಇತ್ತು. ಹುಡುಗರು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಒಂದು ದಿನ ಮುದಕಪ್ಪ ಹತ್ತಿಯ ಹೂವೊಂದನ್ನು ಮೇಜಿನ ಮೇಲಿಟ್ಟು, "ಇದರಾಗ ಪರಾಗ ಎಲ್ಲೈತಿ ತೋರಸ್ರಿ" ಎಂದರು. ಹೂವಿನ ಭಾಗಗಳನ್ನೆಲ್ಲ ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸುತ್ತಿದ್ದ ಬಾಳು ಎಂಬ ಹುಡುಗ ಎದ್ದು ನಿಂತು, ಬಹಳ ಹೊತ್ತು ನೋಡಿ, "ಇದು ಪುಸ್ತಕದಾಗಿನ ಹೂವ ಅಲ್ರಿ ಮಾಸ್ತರ, ಇದು ನಮ್ಮ ಹೊಲದ್ದು" ಎಂದ. ಅವನ ಅಪ್ಪ ಹದಿನಾರು ಎಕರೆ ಹತ್ತಿ ಬೆಳೆಯುತ್ತಿದ್ದ.

ಅಂದೇ ಮುದಕಪ್ಪ ಹೆಡ್‌ಮಾಸ್ತರರ ಬೆನ್ನು ಹತ್ತಿದರು. ಕೊನೆಗೆ ವಾರಕ್ಕೆ ಎರಡು ತಾಸು ಜೀವಶಾಸ್ತ್ರಕ್ಕೆ ಸಿಕ್ಕಿತು. ಒಂದೇ ವರ್ಷ, ಪರೀಕ್ಷೆಗೆಂದು. ಮುಂದೆ ಅದು ಇರಬೇಕೋ ಬೇಡವೋ ಎಂಬುದನ್ನು ಸಾಲೆಯ ಪಂಚರು ಬಂದು ನೋಡಿ ಹೇಳಬೇಕು. ಪಂಚರೊಳಗೆ ದೊಡ್ಡ ಬಾಯಿ ಬಾಳುವಿನ ಅಪ್ಪ ಲಕ್ಕಪ್ಪನದು. ಸಾಲೆಯ ಮಗ್ಗುಲಿಗಿದ್ದ ಅರ್ಧ ಎಕರೆ ಎರೆಹೊಲವನ್ನು ಪಾಠಕ್ಕೆಂದು ಬಿಟ್ಟುಕೊಟ್ಟವನೂ ಅವನೇ, ನಗುವುದಕ್ಕೆ ಎಲ್ಲರಿಗಿಂತ ಮುಂದೆ ಇದ್ದವನೂ ಅವನೇ.

ಆ ಕಡೆ ಜೋಳಕ್ಕೆ ಕಾಡಿಗೆ ರೋಗ ಬೀಳುತ್ತಿತ್ತು. ತೆನೆಯಲ್ಲಿ ಕಾಳಿನ ಬದಲು ಕಪ್ಪು ಪುಡಿ ತುಂಬಿದ ಚೀಲಗಳಾಗುತ್ತಿದ್ದವು. ಗ್ರಹಣದ ಗಾಳಿ ಬಡಿದದ್ದೆಂದು ಜನ ಸುಮ್ಮನಾಗುತ್ತಿದ್ದರು. ಅದು ಗಾಳಿಯಲ್ಲ, ಒಂದು ಸಣ್ಣ ಜೀವ, ಬಿತ್ತುವ ಕಾಳಿನ ಮೈಗೆ ಅಂಟಿಕೊಂಡೇ ಹೊಲಕ್ಕೆ ಹೋಗುತ್ತದೆ ಎಂದು ಮುದಕಪ್ಪ ಹುಡುಗರಿಗೆ ಹೇಳಿದರು. ಹೇಳಿದರಷ್ಟೇ ಸಾಲದೆಂದು ಹೊಲದಲ್ಲಿ ತೋರಿಸಲು ಹೊರಟರು. ಯರಗಟ್ಟಿಯಿಂದ ತಂದ ನೀಲಿ ಮೈಲುತುತ್ತನ್ನು ನೀರಿನಲ್ಲಿ ಕರಗಿಸಿ, ಅರ್ಧ ಬೀಜವನ್ನು ಅದರಲ್ಲಿ ಹತ್ತು ನಿಮಿಷ ನೆನೆಸಿ ಒಣಗಿಸಿದರು. ಉಳಿದರ್ಧವನ್ನು ಹಾಗೆಯೇ ಇಟ್ಟರು.

ಬಿತ್ತುವ ದಿನ ಲಕ್ಕಪ್ಪ ಬದುವಿನ ಮೇಲೆ ನಿಂತಿದ್ದ. "ಬೀಜಕ್ಕ ಜಳಕಾ ಮಾಡಸ್ತೀರೇನ್ರಿ ಮಾಸ್ತರ? ಹಂಗಾರ ಕುಂಕುಮಾನೂ ಹಚ್ಚರಿ, ಬೀಗರ ಮನಿಗೆ ಕಳಿಸೂಣು!"

"ಪುಷ್ಯಮಾಸದಾಗ ಬರ್ರಿ ಲಕ್ಕಪ್ಪನವರ, ಬೀಗರನ್ನ ಕರಕೊಂಡs ಬರ್ರಿ" ಎಂದರು ಮುದಕಪ್ಪ. ಕೂರಿಗೆಯ ಬಟ್ಟಲಿಗೆ ಕಾಳು ಸುರಿಯುತ್ತ ಒಂದು ಬದಿಗೆ ನೀಲಿ ನೀರಿನ ಬೀಜ, ಇನ್ನೊಂದು ಬದಿಗೆ ತೊಳೆಯದ ಬೀಜ ಬಿತ್ತಿದ್ದಾಯಿತು.

ಪುಷ್ಯಮಾಸ ಬಂತು. ತೊಳೆಯದ ಬದಿಯಲ್ಲಿ ಎಲ್ಲಿ ನೋಡಿದರಲ್ಲಿ ಕರಿ ತೆನೆ. ತೊಳೆದ ಬದಿ ಬಿಳಿ ಮುತ್ತಿನ ಹಾಗೆ ನಿಂತಿತ್ತು, ದಾರಿಯ ಪಕ್ಕದ ನಾಲ್ಕು ಸಾಲು ಬಿಟ್ಟು. ಹೋಗುವವರು ಬರುವವರಿಗೆಲ್ಲ ಮೊದಲು ಕಾಣುವ ಆ ನಾಲ್ಕು ಸಾಲಿನಲ್ಲೇ ಕಾಡಿಗೆ ಬಿದ್ದಿತ್ತು.

"ಜಳಕಾ ಮಾಡದಾಂವಗೂ ಕಾಡಗಿ, ಮಾಡಿದಾಂವಗೂ ಕಾಡಗಿ" ಎಂದು ಲಕ್ಕಪ್ಪ ಚಾವಡಿಯಲ್ಲಿ ನಕ್ಕ. ಅದು ಹೆಡ್‌ಮಾಸ್ತರರ ಕಿವಿಗೆ ಬಿತ್ತು. ಅವರು ಮುದಕಪ್ಪನವರನ್ನು ಕರೆದು, "ಸೋಮವಾರ ಪಂಚರು ಬರತಾರ. ಆ ನಾಲ್ಕು ಸಾಲು ಯಾಕ ಹಂಗಾದವು ಅಂತ ಹೇಳಲಿಕ್ಕೆ ಆಗದಿದ್ರ ನಾ ನಿಮ್ಮ ಪರ ನಿಲ್ಲಲಾರೆ. ಆ ತಾಸು ವ್ಯಾಕರಣಕ್ಕ ಹೋಗ್ತದ" ಎಂದರು.

ಹುಡುಗರಿಗೂ ಸುದ್ದಿ ಮುಟ್ಟಿತು. ಬಾಳು ದನಿ ತಗ್ಗಿಸಿ ಹೇಳಿದ: "ಮಾಸ್ತರ, ಕರಿ ತೆನಿ ಕಿತ್ತ ಒಗದಬಿಡೂಣ್ರಿ. ಯಾರಿಗೆ ತಿಳೀತೈತಿ?"

"ನನಗ ತಿಳೀತೈತಿ, ನಿನಗ ತಿಳೀತೈತಿ. ಮತ್ಯಾರಿಗೆ ತಿಳೀಬೇಕಲೇ? ಸಾಲಿಗೊಬ್ಬರ ನಿಂದರ್ರಿ. ಎಣಸ್ರಿ."

ಎಣಿಸಿದರು. ನಾಲ್ಕೂ ಸಾಲಿನಲ್ಲಿ ಈಚೆ ತುದಿಗೆ ಕರಿ ತೆನೆ ದಟ್ಟವಾಗಿದ್ದು, ಆಚೆ ತುದಿಗೆ ಹೋದಂತೆ ತೆಳುವಾಗುತ್ತಿದ್ದವು. ಐದನೆಯ ಸಾಲಿನಲ್ಲಿ ಒಂದೂ ಇರಲಿಲ್ಲ. ಬಾಳು ಬೆರಳು ಕಚ್ಚಿಕೊಂಡು ನಿಂತವನು ಥಟ್ಟನೆ, "ನಾಲ್ಕ ಸಾಲ ಅಂದ್ರ ಕೂರಿಗಿ ಒಮ್ಮೆ ಹೋದದ್ರಿ ಮಾಸ್ತರ! ಬಿತ್ತಾಕ ಶುರು ಮಾಡಿದ್ದೂ ಇಲ್ಲಿಂದs. ಮೊದಲನೇ ಬಟ್ಟಲದಾಗ ಏನರ ಬ್ಯಾರೆ ಬಿದ್ದೈತಿ" ಎಂದ.

ವರ್ಷವಿಡೀ ಕಲಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ಮಾಸ್ತರನಿಗೂ ಸಿಗಲಿಕ್ಕಿಲ್ಲ. ಆದರೆ ಮುದಕಪ್ಪ ಶಾಬಾಸ್ ಎನ್ನುವುದನ್ನೂ ಮರೆತರು. ಬಿತ್ತಿಗೆ ಶುರುವಾಗುವಾಗ ಮನೆಯ ಹಿರಿಯ ಹೆಂಗಸು ಭೂಮಿತಾಯಿಗೆ ಕೈಮುಗಿದು ಮೊದಲ ಕಾಳು ಹಾಕಬೇಕು. ಅಂದು ಕೂರಿಗೆಯ ಬಟ್ಟಲಿಗೆ ಮೊದಲ ಕಾಳು ಸುರಿದವಳು ಲಗಮವ್ವ.

ಅವರು ಮನೆಗೆ ಹೋದಾಗ ತಾಯಿ ರೊಟ್ಟಿ ಬಡಿಯುತ್ತಿದ್ದಳು. "ಯವ್ವಾ, ಬಿತ್ತೂ ದಿನ ಉಡಿಯಾಗ ಏನರ ಒಯ್ದಿದ್ದೇನು?"

ರೊಟ್ಟಿಯ ಸಪ್ಪಳ ನಿಂತಿತು. "ಬರಿಗೈಲೆ ಭೂಮಿತಾಯಿ ಉಡಿ ತುಂಬತಾರೇನೋ ಯಪ್ಪಾ? ಸಿರಸಂಗಿ ಕಾಳವ್ವನ ಮುಂದ ಇಟ್ಟ ತಂದ ತೆನಿ ದೇವರ ಜಗಲಿ ಮ್ಯಾಲ ಇದ್ದುವಲ್ಲಾ, ಅವನ್ನ ತಿಕ್ಕಿ ಎರಡ ಬೊಗಸಿ ಬೆರಿಸಿದ್ನಿ. ನಿನ್ನ ಹೊಲ ಛಲೋ ಆಗ್ಲಿ ಅಂತ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಸಾಲ ಕರಿ ಆದ ದಿನದಿಂದ ನನಗ ತುತ್ತ ಇಳದಿಲ್ಲ. ತಾಯಿ ನನ್ನ ಮ್ಯಾಲ ಸಿಟ್ಟಾಗ್ಯಾಳೋ ಏನೋ."

ಜಗಲಿಯ ಮೇಲೆ ಇನ್ನೂ ಎರಡು ತೆನೆ ಉಳಿದಿದ್ದವು. ಮರುದಿನ ಮುಂಜಾನೆ ಮುದಕಪ್ಪ ಆ ತೆನೆಗಳನ್ನು ಹಿಡಿದು, ತಾಯಿಯನ್ನೂ ಕರೆದುಕೊಂಡು ಸಾಲೆಗೆ ಹೋದರು. ಆಕೆ ಸಾಲೆಯ ಹೊಸ್ತಿಲು ದಾಟಿದ್ದು ಅದೇ ಮೊದಲು. ಮುದಕಪ್ಪ ಕಾಳನ್ನು ಬಟ್ಟಲಿನ ನೀರಿನಲ್ಲಿ ತೊಳೆದು, ಆ ನೀರಿನ ಒಂದು ಹನಿಯನ್ನು ಸಾಲೆಯ ಹಿತ್ತಾಳೆಯ ಸೂಕ್ಷ್ಮದರ್ಶಕದಡಿ ಇಟ್ಟರು. ಲಗಮವ್ವ ಬಗ್ಗಿ ನೋಡಿದಳು.

"ಕರಿಮಣಿ ಸರಾ ಹರದ ಚೆಲ್ಲಿದಂಗ ಐತಲ್ಲೋ! ಇವು ತಾಯಿ ಗುಡಿಯಿಂದ ಬಂದಾವೇನು?"

"ಇಲ್ಲವ್ವಾ, ನಮ್ಮ ಊರ ಕಣದಿಂದ. ರಾಶಿಯಾಗ ಬ್ಯಾನಿ ತೆನಿ ಒಡದ್ರ ಅದರ ಪುಡಿ ಛಲೋ ತೆನಿಗೂ ಹತ್ತತೈತಿ. ನೀ ಗುಡಿಗೆ ಒಯ್ಯೂಕಿಂತ ಮೊದಲs ಹತ್ತಿತ್ತು. ಕಾಳವ್ವ ಏನ ಮಾಡ್ಯಾಳು?"

ಲಗಮವ್ವ ಮತ್ತೊಮ್ಮೆ ನೋಡಿದಳು. ಅಂದು ಮಧ್ಯಾಹ್ನ ಎರಡು ರೊಟ್ಟಿ ಉಂಡಳು.

ಸೋಮವಾರ ಪಂಚರು ಹೊಲದಂಚಿಗೆ ಬಂದು ನಿಂತರು. ತಾಯಿಯ ಹೆಸರು ಎತ್ತಬಾರದೆಂದು ಮುದಕಪ್ಪ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದರು. ದೇವಿಯ ತೆನೆಯಲ್ಲಿ ರೋಗವಿತ್ತೆಂದರೆ ಊರು ಆಕೆಯನ್ನು ಏನೆಂದೀತು? "ಮೊದಲನೇ ಬಟ್ಟಲದಾಗ ತೊಳೀಲಾರದ ಕಾಳ ಬೆರತಿದ್ದುವ್ರಿ" ಎಂದಷ್ಟೇ ಹೇಳಿದರು.

"ಯಾರ ಬೆರಸಿದ್ರು? ಗಾಳಿ ಬಂದ ಬೆರಸಿತೇನು?" ಎಂದ ಲಕ್ಕಪ್ಪ. ಇಬ್ಬರು ನಕ್ಕರು. ಹೆಡ್‌ಮಾಸ್ತರರು ನೆಲ ನೋಡಿದರು. ಎರಡು ತಾಸು ಹೋಯಿತೆಂದೇ ಹುಡುಗರಿಗೂ ಅನಿಸಿತು.

ಬೇಲಿಯ ಹತ್ತಿರ ನಿಂತಿದ್ದ ಲಗಮವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಮುಂದೆ ಬಂದಳು. "ನಾ ಬೆರಿಸಿದ್ನೆಪಾ ಲಕ್ಕಪ್ಪಣ್ಣಾ. ದೇವರ ತೆನಿ, ಎರಡ ಬೊಗಸಿ. ನನ್ನ ಎರಡ ಬೊಗಸಿಗೆ ನಾಲ್ಕ ಸಾಲ ಹೋದುವು. ನನ್ನ ಮಗ ತೊಳದದ್ದು ಹೆಂಗ ನಿಂತೈತಿ ನೋಡ್ರಿ. ನಿಮ್ಮ ಮನ್ಯಾಗ ಯಾರೂ ದೇವರ ತೆನಿ ಬೆರಸೂದಿಲ್ಲೇನು?"

ಬೆರೆಸದ ಮನೆ ಆ ಗುಂಪಿನಲ್ಲಿ ಒಂದೂ ಇರಲಿಲ್ಲ. ಅಲ್ಲಿಯವರೆಗೆ ಮಾಸ್ತರರದಾಗಿದ್ದ ಹೊಲ ಒಂದು ಗಳಿಗೆಯಲ್ಲಿ ಎಲ್ಲರ ಹೊಲವಾಯಿತು. ಪಂಚರು ಒಬ್ಬೊಬ್ಬರಾಗಿ ನಾಲ್ಕು ಸಾಲಿನಿಂದ ಐದನೆಯದಕ್ಕೆ, ಐದನೆಯದರಿಂದ ನಾಲ್ಕನೆಯದಕ್ಕೆ ದಾಟಿ ದಾಟಿ ನೋಡಿದರು. ಆಮೇಲೆ ಸಾಲೆಯೊಳಗೆ ಹೋಗಿ ಸೂಕ್ಷ್ಮದರ್ಶಕವನ್ನು ಮುತ್ತಿದರು.

"ಏನೂ ಕಾಣವಲ್ದು" ಎಂದ ಲಕ್ಕಪ್ಪ.

"ಒಂದ ಕಣ್ಣ ಮುಚ್ಚರಿ."

"ಮುಚ್ಚೇನಿ."

"ಯಪ್ಪಾ, ನೋಡೂ ಕಣ್ಣs ಮುಚ್ಚಿ!" ಎಂದು ಬಾಳು ಕೂಗಿದಾಗ ಪಂಚರೆಲ್ಲ ನಕ್ಕರು, ಲಕ್ಕಪ್ಪನೂ ನಕ್ಕ. ಆಮೇಲೆ ಕಣ್ಣು ಬದಲಿಸಿದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಅವನ ಹಿಂದೆ ನಿಂತವರು ರುಮಾಲು ಹಿಡಿದು ಎಳೆಯಬೇಕಾಯಿತು.

ಅಂದು ಸಂಜೆ ಹೆಡ್‌ಮಾಸ್ತರರು ಮುಂದಿನ ವರ್ಷದ ವೇಳಾಪತ್ರಿಕೆಯಲ್ಲಿ ಜೀವಶಾಸ್ತ್ರಕ್ಕೆ ಎರಡರ ಬದಲು ಮೂರು ತಾಸು ಬರೆದರು. ಅದು ಮುದಕಪ್ಪ ಮಾಸ್ತರರು ನಿವೃತ್ತರಾಗುವವರೆಗೆ ತಪ್ಪಲಿಲ್ಲ.

ಮರುವರ್ಷದ ಬಿತ್ತಿಗೆಗೆ ಮೂರು ದಿನ ಮೊದಲು ಲಕ್ಕಪ್ಪ ಸಾಲೆಯ ಬಾಗಿಲಿಗೆ ಬಂದ. "ಮಾಸ್ತರ, ನಿಮ್ಮ ಹುಡುಗರನ್ನ ಕಳಿಸ್ರಿ. ನೀಲಿ ನೀರಿನ ಅಳತಿ ನನಗ ತಿಳಿಯೂದಿಲ್ಲ, ಬಾಳೂ ಒಬ್ಬನ ಕೈಲೆ ಆಗೂದಿಲ್ಲ. ನಮ್ಮಾಕಿ ದೇವರ ಕಾಳನ್ನೂ ತಗದಿಟ್ಟಾಳ, ಅದನ್ನ ಮೊದಲ ತೊಳೀಬೇಕಂತ."

ಅಂದಿನ ಜೀವಶಾಸ್ತ್ರದ ತಾಸು ಲಕ್ಕಪ್ಪನ ಹಿತ್ತಲಲ್ಲಿ ನಡೆಯಿತು. ಹದಿನೇಳು ಹುಡುಗರು ತೋಳು ಮಡಿಚಿಕೊಂಡು ಹರಿವಾಣದ ನೀಲಿ ನೀರಿನಲ್ಲಿದ್ದ ಕಾಳಿನೊಳಗೆ ಕೈಯಾಡಿಸಿದರು. ಮುದಕಪ್ಪ ಮಾಸ್ತರರು ಕಿಸೆಯ ಗಡಿಯಾರ ಹಿಡಿದು ನಿಂತಿದ್ದರು. "ಇನ್ನೂ ನಾಲ್ಕ ನಿಮಿಷ ಐತಿ. ಅವಸರ ಮಾಡಬ್ಯಾಡ್ರಿ" ಎಂದರು.