ನೀರು ಮರೆತ ಪುಟ್ಟರಾಜುವಿನ ಮಾರಿಸ್ ಕಾರು

ಕುಶಾಲನಗರದಿಂದ ಮಾದಾಪುರದ ಕಡೆ ಹೋಗುವ ದಾರಿಯಲ್ಲಿ, ಸಾಮಿಲ್ಲಿನ ಪಕ್ಕಕ್ಕೆ ಅಶ್ವಥನ ವರ್ಕ್‌ಶಾಪು. ಬೋರ್ಡಿಲ್ಲ. ಬರೆಸೋಣ ಬರೆಸೋಣ ಎಂದು ಹದಿನೆಂಟು ವರ್ಷ ಕಳೆದವು. ಜೀಪು, ಪಿಕಪ್ಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಎಸ್ಟೇಟಿನ ಪಲ್ಪರ್ ಮೆಷಿನ್ನು, ಏನು ತಂದರೂ ಬೇಡ ಅನ್ನುವವನಲ್ಲ. ಬೇಗ ಕೊಡುವವನೂ ಅಲ್ಲ. ಕೆಲಸದ ನಡುವೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಲ್ಲೇ ಎಲ್ಲೋ ಹೊರಟುಹೋಗುವುದು ಅವನ ಚಾಳಿ. "ಅಣ್ಣ ಈಗ ಇಲ್ಲಿಲ್ಲ, ಬರ್ತಾರೆ, ಅಷ್ಟರಲ್ಲಿ ಒಂದು ಟೀ ಕುಡೀರಿ" ಎಂದು ಟೀ ಅಂಗಡಿಯವನು ಗಿರಾಕಿಗಳನ್ನು ಕೂರಿಸಿಕೊಳ್ಳುತ್ತಾನೆ, ಎದುರಿಗೇ ನಿಂತಿರುವ ಅಶ್ವಥನ ಕಡೆ ಕೈ ತೋರಿಸಿಕೊಂಡೇ.

ಐವತ್ತೆರಡು ವರ್ಷದ ಈ ಮನುಷ್ಯ ಎಲ್ಲಿಗೆ ಹೋಗುತ್ತಾನೆಂದು ನನ್ನನ್ನು ಕೇಳಿದರೆ ಹೇಳಬಲ್ಲೆ. ಹಸಿರು ಬಣ್ಣದ ಒಂದು ಮಾರಿಸ್ ಮೈನರ್ ಕಾರಿನೊಳಕ್ಕೆ ಹೋಗುತ್ತಾನೆ. ಅದು ಮಾದಾಪುರದ ಕಾಫಿ ತೋಟದ ಸಾಹುಕಾರರ ಕಾರು. ಅದನ್ನು ಓಡಿಸುತ್ತಿದ್ದವನು ಅರಕಲಗೂಡಿನ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಪುಟ್ಟರಾಜು, ಅಶ್ವಥನ ಅಪ್ಪ. ಅಶ್ವಥನಿಗೆ ಎಂಟು ವರ್ಷವಿದ್ದಾಗ, ಸೋಮವಾರಪೇಟೆಯ ಏರಿನಲ್ಲಿ ಆ ಕಾರು ಹೊಗೆ ಕಾರಿ ನಿಂತಿತು. ಎಂಜಿನ್ ಕಾದು ಬಿಗಿದು ಸೀಜ್ ಆಗಿತ್ತು. ಸಾಹುಕಾರರು ಏನಾಯಿತೆಂದು ಕೇಳಿದರು. ಪುಟ್ಟರಾಜು ತಲೆ ಬಗ್ಗಿಸಿ, "ನೀರು ಹಾಕೋದು ಮರೆತೆ ಅಯ್ಯ" ಎಂದ.

ಕೆಲಸ ಹೋಯಿತು, ಎಸ್ಟೇಟಿನ ಮನೆಯೂ ಹೋಯಿತು. ಕುಶಾಲನಗರಕ್ಕೆ ಬಂದು ಕಾಫಿ ಗೋದಾಮಿನಲ್ಲಿ ಮೂಟೆ ಹೊತ್ತ. ಸಾಯುವ ತನಕ ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಜನ ಸುಮ್ಮನಿರುತ್ತಾರೆಯೇ, 'ನೀರು ಮರೆತ ಪುಟ್ಟರಾಜು' ಎಂದು ಹೆಸರಿಟ್ಟರು. ಹೆಂಡತಿ ಚಲುವಮ್ಮನೂ ಬಿಡಲಿಲ್ಲ. ಬೆಳಿಗ್ಗೆ ಬುತ್ತಿ ಕೊಡುವಾಗ, "ಕುಡಿಯೋಕಾದ್ರೂ ನೀರು ನೆನಪಿರಲಿ" ಅನ್ನುತ್ತಿದ್ದಳು. ಮೊದಮೊದಲು ಸಿಟ್ಟಿನಲ್ಲಿ, ಆಮೇಲೆ ತಮಾಷೆಗೆ, ಕೊನೆಕೊನೆಗೆ ಪ್ರೀತಿಗೆ. ಪುಟ್ಟರಾಜು ನಗುತ್ತ ಹೋಗುತ್ತಿದ್ದ.

ಅಶ್ವಥನಿಗೆ ಮಾತ್ರ ಆ ನಗು ಹಿಡಿಸುತ್ತಿರಲಿಲ್ಲ. ಅಪ್ಪ ಎಂಥವನೆಂದು ಅವನಿಗೆ ಗೊತ್ತಿತ್ತು. ಚಿಲಕ ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ಆಸಾಮಿ. ಅಂಥವನು ರೇಡಿಯೇಟರಿಗೆ ನೀರು ಮರೆಯುತ್ತಾನೆಯೇ? ಸುಳ್ಳು. ಎಂಜಿನ್ ಬಿಚ್ಚಿದರೆ ಗೊತ್ತಾಗುತ್ತದೆ, ಅಪ್ಪನ ತಪ್ಪಲ್ಲ ಎಂದು ಆ ಕಬ್ಬಿಣವೇ ಹೇಳುತ್ತದೆ. ಅವನು ಮೆಕ್ಯಾನಿಕ್ ಆಗಿದ್ದೇ ಈ ಒಂದು ಹಟಕ್ಕೆ.

ಮೂರು ವರ್ಷದ ಹಿಂದೆ ಸಾಹುಕಾರರ ಮೊಮ್ಮಗ ನಿರಂಜನ್ ಹಳೇ ಶೆಡ್ಡು ಕೆಡವಿಸುವಾಗ, ಅಂದಿನಿಂದ ಅಲ್ಲೇ ಬಿದ್ದಿದ್ದ ಮಾರಿಸ್ ಹೊರಗೆ ಬಂತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು. ಸುದ್ದಿ ಕೇಳಿದ ಅಶ್ವಥ ಅರ್ಧ ಬಿಚ್ಚಿದ ಜೀಪನ್ನು ಹಾಗೇ ಬಿಟ್ಟು ಓಡಿದ. "ನಾನು ರೆಡಿ ಮಾಡ್ತೀನಿ ಸಾರ್. ಕೂಲಿ ಬೇಡ, ಅವಸರ ಮಾಡ್ಬೇಡಿ, ಅಷ್ಟೇ" ಎಂದ.

ತಂದಿದ್ದೇನೋ ಸರಿ, ಎರಡು ವರ್ಷ ಎಂಜಿನ್ನಿಗೆ ಕೈ ಹಾಕಲಿಲ್ಲ. ಬಾನೆಟ್ ಎತ್ತುತ್ತಿದ್ದ, ನೋಡುತ್ತಿದ್ದ, ಇಳಿಸುತ್ತಿದ್ದ. ಒಳಗಿರುವುದು ತಾನು ಅಂದುಕೊಂಡದ್ದೇ ಆಗಿರದಿದ್ದರೆ ಎಂಬ ಪುಕ್ಕಲು. ಅದನ್ನು ಮರೆಯಲು ಸಾಮಾನು ಹುಡುಕುವ ನೆಪ ಹಿಡಿದು ಊರೂರು ತಿರುಗಿದ. ಶ್ರೀಮಂಗಲದ ಒಬ್ಬ ಮುದಿ ಡ್ರೈವರ್, ಮಾರಿಸ್ ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪನ್ನು ಬನಿಯನ್ ಬಟ್ಟೆಯಲ್ಲಿ ಸುತ್ತಿ ಬಿಸ್ಕತ್ತಿನ ಡಬ್ಬದಲ್ಲಿಟ್ಟಿದ್ದರು. ಮಾರುವುದಿಲ್ಲ ಎಂದರು. ಊಟ ಮಾಡಿಸಿದರು, ತಾವು ಓಡಿಸಿದ ಕಾರುಗಳ ಕಥೆಯನ್ನೆಲ್ಲ ಸಂಜೆವರೆಗೆ ಹೇಳಿದರು, ಬಸ್ಸು ಬಂದಾಗ ಡಬ್ಬವನ್ನೇ ಅವನ ಮಡಿಲಿಗಿಟ್ಟರು. ಬಾಳೆಲೆಯ ಒಂದು ಮನೆಯ ಬಚ್ಚಲ ಬಾಗಿಲಿಗೆ ಮಾರಿಸ್ ಕಾರಿನ ಹ್ಯಾಂಡಲ್ ಕೂತಿತ್ತು. ಹೊಸ ಹಿತ್ತಾಳೆ ಚಿಲಕ ಕೂರಿಸಿಕೊಟ್ಟು ಅದನ್ನು ಬಿಚ್ಚಿಕೊಂಡು ಬಂದ. ಎಂಜಿನ್ ಕೂರುವ ರಬ್ಬರು ಎಲ್ಲೂ ಸಿಗದೆ, ಟ್ರ್ಯಾಕ್ಟರಿನ ಹಳೇ ಟಯರ್ ಕುಯ್ದು ತಾನೇ ಮಾಡಿದ. ಹಿಂತಿರುಗುವ ಬಸ್ಸಿನ ಕಿಟಕಿಯಾಚೆ ಮಂಜು ತೋಟಗಳ ಮೇಲೆ ಇಳಿಯುತ್ತಿದ್ದರೆ, ಇವನಿಗೆ ಮಂಜಿನೊಳಗೆ ಹಸಿರು ಕಾರೊಂದು ಬಸ್ಸಿನ ಜೊತೆಜೊತೆಗೇ ಬರುತ್ತಿರುವಂತೆ ಕಾಣುತ್ತಿತ್ತು. ಅಪ್ಪನ ಮೊಣಕೈ ಕಿಟಕಿಯ ಹೊರಗಿರುತ್ತಿತ್ತು. ಒಂದು ಸಲ ಅದನ್ನೇ ನೋಡುತ್ತ ಕೂತು ಇಳಿಯುವ ಸ್ಟಾಪು ದಾಟಿ ಮೈಸೂರಿನ ದಾರಿಯಲ್ಲಿ ಪಿರಿಯಾಪಟ್ಟಣ ಮುಟ್ಟಿದ್ದ.

ಕೊನೆಗೆ ಹುಡುಕಲು ಏನೂ ಉಳಿಯಲಿಲ್ಲ. ಒಂದು ಬೆಳಿಗ್ಗೆ ಎಂಜಿನ್ ಬಿಚ್ಚಿದ.

ಈ ಕಾರಿಗೆ ನೀರು ತಳ್ಳುವ ಪಂಪಿಲ್ಲ. ಎಂಜಿನ್ನಿನ ಶಾಖಕ್ಕೆ ನೀರು ತಾನೇ ಮೇಲೇರಿ ರೇಡಿಯೇಟರಿಗೆ ಬರುತ್ತದೆ, ಅಲ್ಲಿ ತಣ್ಣಗಾಗಿ ತಾನೇ ಕೆಳಗಿಳಿದು ಎಂಜಿನ್ನಿಗೆ ಮರಳುತ್ತದೆ. ಎಷ್ಟು ಮೆಲ್ಲನೆಯ ಏರ್ಪಾಡೆಂದರೆ ಅಶ್ವಥನಿಗೆ ಅದರ ಮೇಲೆ ಮೋಹವೇ ಹುಟ್ಟಿತ್ತು. ರೇಡಿಯೇಟರಿನ ಮೇಲಿನಿಂದ ಒಂದು ಚೊಂಬು ನೀರು ಹೊಯ್ದ. ಕೆಳಗಿನಿಂದ ಒಂದು ಹನಿಯೂ ಬರಲಿಲ್ಲ. ಬೆಸುಗೆ ಕರಗಿಸಿ ತೆರೆದರೆ ಕೊಳವೆಗಳ ತುಂಬ ಕಪ್ಪು ಗಸಿ ಗಟ್ಟಿಯಾಗಿ ಕೂತಿದೆ. ನೀರಿದ್ದರೂ ಹರಿಯಲು ದಾರಿಯಿರಲಿಲ್ಲ! ಅಶ್ವಥ ಒಬ್ಬನೇ ಜೋರಾಗಿ ನಕ್ಕುಬಿಟ್ಟ. ಅಪ್ಪ ಮರೆತಿರಲಿಲ್ಲ. ನಲವತ್ತು ವರ್ಷದ ಭಾರ ಇಳಿಯಿತು.

ಇಳಿದದ್ದು ಒಂದೆರಡು ನಿಮಿಷ ಮಾತ್ರ. ಗಸಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಕರಿಮೆಣಸು. ಅದರಲ್ಲೇನೂ ಆಶ್ಚರ್ಯವಿಲ್ಲ, ರೇಡಿಯೇಟರ್ ತೂತಾದರೆ ಒಂದು ಚಿಟಿಕೆ ಮೆಣಸಿನ ಪುಡಿ ಹಾಕುವುದು ಈ ಕಡೆಯ ಹಳೇ ಡ್ರೈವರುಗಳ ಮದ್ದು. ಪುಡಿ ಹೋಗಿ ತೂತಿನಲ್ಲಿ ಕೂತು ಸೋರುವುದು ನಿಲ್ಲುತ್ತದೆ. ಆದರೆ ಅದು ಬಟ್ಟೆಯಲ್ಲಿ ಸೋಸಿದ ನುಣ್ಣನೆ ಪುಡಿಯಾಗಿರಬೇಕು. ಇದು ತರಿತರಿ. ಅರ್ಧ ಒಡೆದ ಕಾಳುಗಳು. ಅವುಗಳ ನಡುವೆ ಸಣ್ಣಗೆ, ಉದ್ದುದ್ದಕ್ಕೆ ಇನ್ನೇನೋ. ಬೆಳಕಿಗೆ ಹಿಡಿದ. ಜೀರಿಗೆ.

ಮೆಣಸಿನ ಜೊತೆ ಜೀರಿಗೆ ಸೇರಿಸಿ ತರಿತರಿಯಾಗಿ ಕುಟ್ಟುವುದು ಮೆಣಸುಸಾರಿಗೆ. ಹಾಗೆ ಕುಟ್ಟುವ ಕೈ ಯಾವುದೆಂದು ಅವನಿಗೆ ಗೊತ್ತು, ದಿನಾ ಅದನ್ನೇ ಉಣ್ಣುತ್ತಾನೆ.

ಮಧ್ಯಾಹ್ನ ಊಟಕ್ಕೆ ಕೂತಾಗ, ಸುಮ್ಮನೆ ಕೇಳಿದವನಂತೆ ಕೇಳಿದ. "ಅವ್ವ, ಅಪ್ಪ ಗಾಡಿಗೆ ಮೆಣಸು ಹಾಕ್ತಿದ್ರಾ?"

ಚಲುವಮ್ಮನಿಗೀಗ ಎಪ್ಪತ್ತೈದು. ಹಳೇ ಮಾತೆಂದರೆ ಮುಖ ಅರಳುತ್ತದೆ. "ಅವ್ರು ಹಾಕ್ತಿದ್ದದ್ದು ಒಂದು ಚಿಟಿಕೆ ಕಣಪ್ಪ. ಎಲ್ಲಾದ್ರಲ್ಲೂ ಜಿಪುಣತನ. ಏರಲ್ಲಿ ಗಾಡಿ ಕಾಯ್ತದೆ, ಕ್ಯಾನ್ ಹಿಡ್ಕೊಂಡು ಹಳ್ಳಕ್ಕೆ ಇಳೀಬೇಕು, ಅಂತ ಬಂದು ಸುಸ್ತಾಗಿ ಮಲಗೋರು. ನಂಗೆ ಕರುಳು ಚುರ್ ಅನ್ನೋದು. ಗಾಡಿ ಮನೆ ಮುಂದೇನೇ ನಿಲ್ತಿತ್ತಲ್ಲ, ಬೆಳಿಗ್ಗೆ ಗಾಜು ಒರೆಸೋಕೆ ಹೋದಾಗ ಸಾರಿನ ಪುಡಿ ಡಬ್ಬದಿಂದ ಒಂದು ಹಿಡಿ ತಗೊಂಡ್ಹೋಗಿ ಹಾಕ್ಬಿಡ್ತಿದ್ದೆ. ದಿನಾ. ಅವ್ರಿಗೆ ಹೇಳ್ಲೇ ಇಲ್ಲ" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಷ್ಟು ಮಾಡಿದ್ರೂ ನೋಡು, ನೀರು ಹಾಕೋದನ್ನೇ ಮರ್ತು ಬಂದ್ರು."

ಅಶ್ವಥ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟ. "ಗಾಡಿ ನಿಂತ ದಿನ ಅಪ್ಪ ಏನಂದ್ರು?"

"ಏನಂತಾರೆ? ಎಳೆಸಿಕೊಂಡು ತಂದು, ಸಾಯಂಕಾಲ ಗಾಡಿ ಮುಂದೆ ಕೂತು ಅದರ ಪೈಪು ಬಿಚ್ಕೊಂಡು ನೋಡ್ತಾ ಇದ್ರು. ಎಷ್ಟೋ ಹೊತ್ತು. ಕೈಯೆಲ್ಲ ಕಪ್ಪು. ಆಮೇಲೆ ಒಳಗೆ ಬಂದು ಕೈ ತೊಳ್ಕೊಂಡು, 'ನೀರು ಹಾಕೋದು ಮರೆತೆ ಚಲುವಿ' ಅಂದ್ರು. ಆಮೇಲೆ ಹೋಗಿ ಸಾಹುಕಾರ್ರಿಗೂ ಅದನ್ನೇ ಅಂದ್ರು."

ಅಪ್ಪನಿಗೆ ಗೊತ್ತಿತ್ತು. ಇದೇ ಜೀರಿಗೆಯನ್ನು ಅವನೂ ಬೆಳಕಿಗೆ ಹಿಡಿದು ನೋಡಿದ್ದ. ಅಷ್ಟು ವರ್ಷ ಬುತ್ತಿಯ ಜೊತೆ ಆ ಮಾತನ್ನೂ ಕಟ್ಟಿಸಿಕೊಂಡು ನಗುತ್ತ ಹೋಗಿದ್ದ. ಅಶ್ವಥ ಅವತ್ತು ವರ್ಕ್‌ಶಾಪಿಗೆ ಹೋಗಿ, ಮಾರಿಸ್ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡು ಅತ್ತ.

ಗಸಿ ಪೂರ್ತಿ ತೆಗೆಯಲು ಎಂಟು ದಿನ ಹಿಡಿಯಿತು. ಕೊಳವೆ ಕೊಳವೆಗೂ ಸೈಕಲ್ಲಿನ ಕಡ್ಡಿ ಆಡಿಸಿದ. ಕೊಯಮತ್ತೂರಿನಿಂದ ಪಿಸ್ಟನ್ ಬಂದವು. ತಾಮ್ರದ ತಗಡು ಕತ್ತರಿಸಿ ಸಂದು ಮುಚ್ಚುವ ಗ್ಯಾಸ್ಕೆಟ್ ಮಾಡಿದ. ಕೆಲಸದುದ್ದಕ್ಕೂ ಒಂದೇ ಯೋಚನೆ. ಅಪ್ಪನ ಮೇಲಿನ ಮಾತು ತೆಗೆಯಬೇಕೆಂದು ಇಷ್ಟು ವರ್ಷ ಕಾದದ್ದಾಯಿತು, ಈಗ ಸಾಕ್ಷಿ ಕೈಯಲ್ಲಿದೆ. ಹೇಳಿದರೆ ಅಪ್ಪ ಗೆಲ್ಲುತ್ತಾನೆ. ಅವ್ವ? ಪೌಡರ್ ಡಬ್ಬಿಯೊಂದಕ್ಕೆ ಒಂದು ಚಮಚ ಗಸಿ ತುಂಬಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ, ಹೇಳಲೂ ಆಗದೆ ಬಿಸಾಡಲೂ ಆಗದೆ.

ಡಿಸೆಂಬರಿನ ಒಂದು ಬೆಳಿಗ್ಗೆ ಮಾರಿಸ್ ಎದ್ದಿತು. ಎರಡು ಸಲ ಕೆಮ್ಮಿ, ಆಮೇಲೆ ಮೆಲ್ಲಗೆ, ಒಂದೇ ಸಮನೆ ಗುನುಗತೊಡಗಿತು. ನೀರು ಯಾರೂ ತಳ್ಳದೆ ಏರಿತು, ಯಾರೂ ಕರೆಯದೆ ಇಳಿಯಿತು. ನಿರಂಜನ್ ನೋಡಲು ಬಂದ. ಚಲುವಮ್ಮ ಒಳ್ಳೆ ಸೀರೆಯುಟ್ಟು ಮೊದಲೇ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ನಿರಂಜನ್ ಕಾರನ್ನು ಮೂರು ಸುತ್ತು ಬಂದು, ಸ್ಟೇರಿಂಗ್ ಹಿಡಿದು ಕೂತಿದ್ದ ಅಶ್ವಥನ ಕಿಟಕಿಗೆ ಬಗ್ಗಿದ. "ಅಶ್ವಥಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ತಾತ ಸಾಯೋ ತನಕ ಹೇಳ್ತಿದ್ರು, ಪುಟ್ಟರಾಜು ಮರೆಯೋ ಆಸಾಮಿ ಅಲ್ಲ, ಬೇರೆ ಏನೋ ಆಗಿದೆ, ವಿಚಾರಿಸದೆ ಕಳಿಸಿಬಿಟ್ಟೆ ಅಂತ. ನೀವು ಬಿಚ್ಚಿ ನೋಡಿದ್ದೀರಲ್ಲ. ಏನಾಗಿತ್ತು?"

ಇಂಥ ಒಂದು ಪ್ರಶ್ನೆಗಾಗಿ ಅಶ್ವಥ ಜೀವಮಾನವೆಲ್ಲ ಕಾದಿದ್ದ. ಈಗ ಅದು ಕೇಳಬೇಕಾದವರ ಬಾಯಿಂದಲೇ ಬಂದಿತ್ತು. ಪಕ್ಕದಲ್ಲಿ ಅವ್ವ ಕಿವಿಗೊಟ್ಟು ಕೂತಿದ್ದಳು. ಅವನು ಸ್ಟೇರಿಂಗ್ ಮೇಲಿದ್ದ ತನ್ನ ಕೈಗಳನ್ನು ನೋಡಿದ. ಅವು ಅಪ್ಪನ ಕೈಗಳೇ.

"ಏನಿಲ್ಲ ಸಾರ್" ಎಂದ. "ನೀರು ಹಾಕೋದು ಮರ್ತಿದ್ರು."

"ನಾ ಹೇಳ್ಲಿಲ್ವಾ?" ಎಂದು ಚಲುವಮ್ಮ ಮಗನ ತೊಡೆಗೊಂದು ಏಟು ಹಾಕಿದಳು. ಆಮೇಲೆ ಕಾರಿನ ಗಾಜಿನಾಚೆ ನೋಡುತ್ತ, "ಆದ್ರೂ ನಿಮ್ಮಪ್ಪನಷ್ಟು ಒಳ್ಳೇವ್ರು ಯಾರೂ ಇಲ್ಲ ಬಿಡು" ಎಂದಳು.

"ಹೌದು ಅವ್ವ" ಎಂದು ಅಶ್ವಥ ಗೇರ್ ಹಾಕಿದ.