ಅಣ್ಣ ಬರೆಸಿದ ಊರು

ಆ ಗುಮಾಸ್ತನ ಮೇಲೆ ನನಗೆ ಈಗಲೂ ಸಿಟ್ಟಿದೆ. ಅವನು ಎಂದೋ ತೀರಿಕೊಂಡಿರಬೇಕು. ಅವನು ಕೂರುತ್ತಿದ್ದ ಕಚೇರಿಯೂ ಯುದ್ಧ ಮುಗಿದ ಮೇಲೆ ಮುಚ್ಚಿಹೋಯಿತು. ಆದರೂ ಯಾರಾದರೂ ಒಂದು ಅರ್ಜಿಯನ್ನು ಪೂರ್ತಿ ಓದದೆ ಮಡಚಿಟ್ಟರೆ ಸಾಕು, ಅವನ ಎಲೆ ಅಡಿಕೆಯ ಬಾಯಿ ಕಣ್ಣ ಮುಂದೆ ಬಂದು ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಅವನೊಬ್ಬನ ಮೇಲಷ್ಟೇ ಅಲ್ಲ, ನಮ್ಮಪ್ಪನ ಮೇಲಿದೆ, ನಮ್ಮ ಕುಲದ ಹಿರಿಯರ ಮೇಲಿದೆ, ನನ್ನ ಮೇಲೂ ಇದೆ. ನನ್ನ ಮೇಲೆ ಯಾಕೆಂದು ಆಮೇಲೆ ಹೇಳುತ್ತೇನೆ.

ನಮ್ಮದು ಹೊಳಗುಂದದ ಕುರಿಗಾರರ ಮನೆ. ನನ್ನನ್ನು ಆದವಾನಿಗೆ ಕೊಟ್ಟಿದ್ದರು. ಗಂಡ ಹತ್ತಿಯ ಜಿನ್ನಿನಲ್ಲಿ ದುಡಿಯುತ್ತಿದ್ದ. ಊರ ಮೇಷ್ಟ್ರು ಹಟ ಹಿಡಿದಿದ್ದರಿಂದ ನಾನು ನಾಲ್ಕನೆಯ ಕ್ಲಾಸಿನವರೆಗೆ ಕಲಿತಿದ್ದೆ. ಆದವಾನಿಯಲ್ಲಿ ಅಂಗಡಿಗಳ ಬೋರ್ಡು ನೋಡಿ ನೋಡಿ ತೆಲುಗು ಓದುವುದೂ ಬಂದಿತ್ತು. ನನಗಿದ್ದವನು ಒಬ್ಬನೇ ಅಣ್ಣ. ಯುದ್ಧ ಶುರುವಾದ ಮರುವರ್ಷ ಅವನು ಕುರಿ ಕಾಯುವ ಜಾಗದಿಂದಲೇ ಎದ್ದುಹೋಗಿ ದಂಡಿಗೆ ಸೇರಿದ. ಸಂತೆಯಲ್ಲಿ ಯಾರೋ ಆಳು ಸೇರಿಸಿಕೊಳ್ಳುತ್ತಿದ್ದರಂತೆ. ಬಂದೂಕು ಹಿಡಿಯುವ ಸಿಪಾಯಿಯಲ್ಲ, ದಾರಿ ಕಡಿಯುವ, ಕಂದಕ ತೋಡುವ ಪಡೆಯವನು. ಮನೆಗೆ ಬಂದು ಅತ್ತಿಗೆಗೆ ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಆಕೆ ಬಿಡುತ್ತಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಎರಡು ವರ್ಷದ ಮೇಲೆ, ಅವನ ಜೊತೆಯಲ್ಲಿದ್ದ ಆಲೂರು ಕಡೆಯವನೊಬ್ಬ ಕಾಲು ಮುರಿದುಕೊಂಡು ಊರಿಗೆ ವಾಪಸು ಬಂದ. ಅವನೇ ಹೊಳಗುಂದಕ್ಕೆ ಸುದ್ದಿ ಮುಟ್ಟಿಸಿದ್ದು: ಸಮುದ್ರದಾಚೆಯ ಮರಳುಗಾಡಿನಲ್ಲಿ ಇಡೀ ಪಡೆಯನ್ನು ಶತ್ರುಗಳು ಸುತ್ತುಗಟ್ಟಿದರು, ಕೆಲವರು ಸತ್ತರು, ಉಳಿದವರು ಸೆರೆ ಸಿಕ್ಕರು, ಇವನು ಯಾವುದರಲ್ಲಿ ಹೋದನೋ ನಾನು ನೋಡಿಲ್ಲ.

ನಮ್ಮ ಆದವಾನಿ, ಹೊಳಗುಂದ ಎಲ್ಲ ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಸಿಪಾಯಿಗಳ ಮನೆಯವರ ವಿಚಾರಣೆಗೆಂದು ಬಳ್ಳಾರಿಯಲ್ಲಿ ಒಂದು ಕಚೇರಿ ಇದೆ, ಅಲ್ಲಿ ಸೆರೆ ಸಿಕ್ಕವರ ಪಟ್ಟಿ ಬರುತ್ತದೆ ಎಂದು ಗೊತ್ತಾಯಿತು. ನಾನು, ಅತ್ತಿಗೆ ಇಬ್ಬರೂ ರೈಲು ಹತ್ತಿ ಹೋದೆವು. ಗುಮಾಸ್ತ ಅಣ್ಣನ ಹೆಸರು, ಅಪ್ಪನ ಹೆಸರು ಕೇಳಿದ. ಒಂದು ಉದ್ದನೆಯ ರಿಜಿಸ್ಟರಿನ ಮೇಲೆ ಬೆರಳಾಡಿಸಿದ.

“ಇಲ್ಲ” ಎಂದ.

“ಇನ್ನೊಂದ್ಸಲ ನೋಡ್ರಿ” ಎಂದಳು ಅತ್ತಿಗೆ.

“ಜಿಲ್ಲಾದ ಪಟ್ಟಿ ಇಷ್ಟಽ. ಇದರಾಗ ಇಲ್ಲಂದ್ರ ಇಲ್ಲ.”

ಹೀಗೆ ಆರು ಸಲ ಹೋಗಿದ್ದೇವೆ. ಆರು ಸಲವೂ ಅದೇ ರಿಜಿಸ್ಟರು, ಅದೇ ಬೆರಳು, ಅದೇ ಉತ್ತರ. ನಿಮ್ಮವನು ಎಲ್ಲಿ ದಂಡಿಗೆ ಸೇರಿದ ಎಂದು ಆ ಪುಣ್ಯಾತ್ಮ ಒಂದು ದಿನವಾದರೂ ಕೇಳಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲ. ಒಂದೇ ಒಂದು ಪ್ರಶ್ನೆ. ಅದನ್ನು ಕೇಳಲು ಅವನಿಗೆ ಬಾಯೊಳಗಿನ ರಸ ಉಗುಳಬೇಕಾಗಿತ್ತು, ಅಷ್ಟೆ.

ಪಟ್ಟಿಯಲ್ಲಿ ಇಲ್ಲ ಎಂದರೆ ನಮ್ಮ ಹಿರಿಯರ ಪಾಲಿಗೆ ಸತ್ತ ಎಂದೇ ಅರ್ಥ. ಎರಡು ಯುಗಾದಿ ಕಾದರು. ದಿನ ಮಾಡಿ ತಿಥಿಯೂಟ ಹಾಕದೆ ಬಿಟ್ಟರೆ ಸತ್ತವನು ಮನೆ ಸುತ್ತ ಅಲೆಯುತ್ತಾನೆ, ಕುರಿಗೆ ರೋಗ ಬರುತ್ತದೆ ಎಂದು ಶುರುಮಾಡಿದರು. ಅಪ್ಪನಿಗೆ ಮಗನಿಗಿಂತ ಕುರಿಯ ಚಿಂತೆ ಹೆಚ್ಚು ಎಂದು ನಾನು ಅವತ್ತೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಕೊನೆಗೆ ಒಂದು ಸೋಮವಾರ ಅಣ್ಣನ ದಿನ ಮಾಡಿದರು. ಅವನು ಮರಿಯಿಂದ ಸಾಕಿದ್ದ ಟಗರನ್ನೇ ಕಡಿದರು. ಬಳೆ ಒಡೆಯಲು ಕಲ್ಲು ಹಿಡಿದು ಬಂದ ಹೆಂಗಸರಿಗೆ ಅತ್ತಿಗೆ ಕೈ ಕೊಡಲಿಲ್ಲ. ಕುರಿಹಟ್ಟಿಯೊಳಗೆ ಹೋಗಿ, ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು ಕೂತಳು.

“ಹೆಣ ತೋರಿಸ್ರಿ, ಬಳಿ ಕೊಡ್ತೀನಿ” ಎಂದಳು. ಬೇರೆ ಮಾತೇ ಇಲ್ಲ.

ಅಂದಿನಿಂದ ಆಕೆಯ ಪಾಡು ಕೇಳಬೇಡಿ. ಮದುವೆ ಮನೆಯಲ್ಲಿ ಅರಿಶಿನ ಕುಂಕುಮ ಹಂಚುವವರು ಆಕೆಯನ್ನು ದಾಟಿ ಮುಂದಿನವಳಿಗೆ ಕೊಡುತ್ತಿದ್ದರು. ನೀರು ಸೇದಲು ಹೋದರೆ ನಾಚಿಕೆ ಬಿಟ್ಟವಳು ಎನ್ನುತ್ತಿದ್ದರು. ಗಂಡ ಸತ್ತರೂ ಬಳೆ ತೊಟ್ಟು ಕುಣಿಯುತ್ತಾಳೆ ಎಂದು ಮಕ್ಕಳ ಬಾಯಲ್ಲೂ ಬಂತು. ಬರುವ ಯುಗಾದಿಯೊಳಗೆ ಬಳೆ ತೆಗೆಯದಿದ್ದರೆ ಮನೆಯಿಂದ ಹೊರಗೆ ಹಾಕುತ್ತೇವೆ ಎಂದು ಹಿರಿಯರು ಗಡುವು ಕೊಟ್ಟರು. ಆಕೆಗೆ ಬೇಕಾಗಿದ್ದದ್ದು ಒಂದೇ: ಅವನು ಬದುಕಿದ್ದಾನೆ ಎಂದು ಎಲ್ಲಾದರೂ ಬರೆದಿರುವ ಒಂದು ಸಾಲು.

ಆ ಸಾಲಿನ ದಾರಿ ನನಗೆ ಸಿಕ್ಕಿದ್ದು ಆದವಾನಿಯ ಸಂತೆಯಲ್ಲಿ. ಅಪ್ಪ ಉಣ್ಣೆ ಮಾರಲು ಬಂದಿದ್ದ, ನಾನು ಬುತ್ತಿ ಒಯ್ದಿದ್ದೆ. ಗುರುತಿಲ್ಲದ ವ್ಯಾಪಾರಿಯೊಬ್ಬ ತೆಲುಗಿನಲ್ಲಿ ಅಪ್ಪನ ಊರು ಕೇಳಿದ, “ಪೆದ್ದಾಯನಾ, ಏ ಊರು ಮೀದಿ?”

“ಕೌತಾಳಂ” ಎಂದ ಅಪ್ಪ.

ಹುಟ್ಟಿದ್ದು ಹೊಳಗುಂದ, ಮನೆ ಹೊಳಗುಂದ, ದೇವರು ಹೊಳಗುಂದ. ಆದರೆ ಆ ತಿಂಗಳು ನಮ್ಮ ಕುರಿ ಗೊಬ್ಬರಕ್ಕೆಂದು ಕೂತಿದ್ದದ್ದು ಕೌತಾಳದ ಹೊಲದಲ್ಲಿ. ಕುರಿಗಾರರು ಹೀಗೇ. ಯಾವ ಊರು ಎಂದು ಕೇಳಿದರೆ ಕುರಿ ಎಲ್ಲಿ ಕೂತಿದೆಯೋ ಆ ಊರು ಹೇಳುತ್ತಾರೆ. ಹುಡುಕಿ ಬರುವವನಿಗೆ ಅದೇ ತಾನೇ ಬೇಕಾದದ್ದು? ಚಿಕ್ಕಂದಿನಿಂದ ಸಾವಿರ ಸಲ ಕೇಳಿದ ಮಾತು. ಅವತ್ತು ಮಾತ್ರ ನಾನು ಬುತ್ತಿ ಕೆಳಗಿಟ್ಟು ಅಪ್ಪನನ್ನು ಕೇಳಿದೆ.

“ಅಪ್ಪಾ, ಅಣ್ಣ ಹೋದಾಗ ಕುರಿ ಎಲ್ಲಿದ್ವು?”

ಅಪ್ಪ ಯೋಚಿಸಿ ಹೇಳಿದ, “ಹೊಳಿ ದಂಡಿಮ್ಯಾಗ, ಬೆಳಗಲ್ ಕಡೆ.”

ಅಣ್ಣನೂ ತನ್ನ ಊರು ಎಂದು ಅದನ್ನೇ ಬರೆಸಿರಬೇಕು. ಬೆಳಗಲ್ ಕರ್ನೂಲು ಜಿಲ್ಲೆ. ನಾವು ವರ್ಷಗಟ್ಟಲೆ ಬಳ್ಳಾರಿಯ ಬಾಗಿಲು ತಟ್ಟಿದ್ದೆವು.

ನಾನು, ಅತ್ತಿಗೆ ಇಬ್ಬರೂ ಗುಂತಕಲ್ಲು, ದ್ರೋಣಾಚಲಂ ಎಂದು ಎರಡು ಕಡೆ ಗಾಡಿ ಬದಲಿಸಿ ಕರ್ನೂಲು ಸೇರಿದೆವು. ಅಲ್ಲಿಯೂ ಅಂಥದೇ ಕಚೇರಿ, ಅಂಥದೇ ರಿಜಿಸ್ಟರು. ಈ ಗುಮಾಸ್ತ ಕನ್ನಡಕ ಏರಿಸಿ ಬೆಳಗಲ್ ಕಡೆಯ ಹೆಸರುಗಳನ್ನು ಓದಿದ. ನಾಲ್ಕನೆಯ ಹೆಸರು ಅಣ್ಣನದು. ಅಪ್ಪನ ಹೆಸರೂ ಸರಿ. ಮುಂದೆ ಬರೆದಿತ್ತು: ಸೆರೆಯಾಳು, ಇಟಲಿ, ಜೀವಂತ. ಅದರ ಜೊತೆಗೆ ಒಂದು ಲಕೋಟೆ. ಅಣ್ಣ ಕೈದಿಗಳ ಶಿಬಿರದಿಂದ ಬರೆಸಿದ್ದ ಮೂರು ಕಾರ್ಡುಗಳು ಬೆಳಗಲ್ ಕಡೆಗೆ ಹೋಗಿ, ಅಂಥವರು ಇಲ್ಲಿಲ್ಲ ಎಂಬ ಷರಾ ಹೊತ್ತು ವಾಪಸು ಬಂದು ಅದರಲ್ಲಿ ಮಲಗಿದ್ದವು. ಪಡೆಯ ಪುಸ್ತಕದಲ್ಲಿ ಇದ್ದ ವಿಳಾಸವನ್ನೇ ಕಾರ್ಡಿನ ಮೇಲೂ ಬರೆಯಬೇಕಿತ್ತಂತೆ. ಅಲ್ಲಿ ಕುರಿ ಕೂತಿದ್ದದ್ದು ಒಂದೇ ತಿಂಗಳು. ಆ ಊರಿನವರಿಗೆ ನಾವು ಯಾರೆಂದು ಏನು ಗೊತ್ತು?

ಅತ್ತಿಗೆ ಕೈ ಚಾಚಿದಳು. ಗುಮಾಸ್ತ ಲಕೋಟೆಯನ್ನು ತನ್ನ ಕಡೆಗೆ ಎಳೆದುಕೊಂಡ.

“ಇದು ಬೆಳಗಲ್ಲಿನ ಮನುಷ್ಯಂದು. ನೀವು ಬಳ್ಳಾರಿ ಜಿಲ್ಲೆಯವರು. ಈ ಹೆಸರಿನವರು ಊರಿಗೆ ಹತ್ತು ಮಂದಿ ಇರ್ತಾರೆ. ಇವನೇ ನಿಮ್ಮವನು ಅನ್ನೋದಕ್ಕೆ ಏನು ಗುರುತು?”

ನಾನು ಕುರಿಗಾರರ ರೂಢಿಯನ್ನು ಬಿಡಿಸಿ ಹೇಳಿದೆ. ಅವನು ನಕ್ಕ. ಊರು ಗೊತ್ತಿಲ್ಲದವನು ಯುದ್ಧಕ್ಕೆ ಯಾಕೆ ಹೋದ ಎಂದು ಪಕ್ಕದವನಿಗೆ ಹೇಳಿ ಇಬ್ಬರೂ ನಕ್ಕರು. ಊರು ಗೊತ್ತಿಲ್ಲದವನನ್ನು ಸೇರಿಸಿಕೊಳ್ಳುವಾಗ ನಿಮ್ಮ ಸರ್ಕಾರಕ್ಕೆ ನಗು ಬರಲಿಲ್ಲವೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕಾರ್ಡು ಅವನ ಕೈಯಲ್ಲಿತ್ತಲ್ಲ.

ಕೊನೆಗೆ ದೂರದಿಂದ ಒಂದು ಕಾರ್ಡನ್ನು ಎತ್ತಿ ತೋರಿಸಿದ. ಬರವಣಿಗೆ ಯಾರೋ ಜೊತೆಗಾರನದು, ತೆಲುಗಿನಲ್ಲಿತ್ತು. ಸಹಿ ಇರಬೇಕಾದ ಕಡೆ ಅಣ್ಣ ಏನೋ ಗೀಚಿದ್ದ. ಎಲೆಯಂತೆ ಒಂದು ಆಕಾರ, ಅದರ ಕೆಳಗಂಚಿನಲ್ಲಿ ಎರಡು ಕಚ್ಚು, ತುದಿಯಲ್ಲಿ ಒಂದು ಸೀಳು.

“ಇಕಾ, ಇದು ನಮ್ಮ ಕಿವಿ” ಎಂದಳು ಅತ್ತಿಗೆ.

ಪ್ರತಿಯೊಂದು ಕುರಿಗಾರ ಮನೆತನಕ್ಕೂ ಒಂದೊಂದು ಕಿವಿಗುರುತು ಇರುತ್ತದೆ. ಮರಿ ಹುಟ್ಟಿದ ಹದಿನೈದು ದಿನಕ್ಕೆ ಕಿವಿ ಕೊಯ್ದು ಗುರುತು ಮಾಡುತ್ತಾರೆ. ಒಂದರಂತೆ ಇನ್ನೊಂದು ಇರಬಾರದು, ಇದ್ದರೆ ತಲೆ ಒಡೆಯುವ ಜಗಳ. ಅಕ್ಷರ ಬಾರದ ಅಣ್ಣ ತನ್ನನ್ನು ತಾನು ಗುರುತು ಹಾಕಿಕೊಂಡದ್ದು ಹೀಗೆ. ಗುಮಾಸ್ತ ಅದನ್ನು ಮಸಿ ಚೆಲ್ಲಿದ್ದು ಎಂದುಕೊಂಡಿದ್ದ. ನಾವು ಹೇಳಿದರೂ ನಂಬಲಿಲ್ಲ. ಬಾಯಿಮಾತು ಆಗುವುದಿಲ್ಲ, ಗುರುತು ತನ್ನಿ ಎಂದ.

“ತರ್ತೀನಿ” ಎಂದಳು ಅತ್ತಿಗೆ.

ವಾರದೊಳಗೆ ಮತ್ತೆ ಹೋದೆವು. ಈ ಸಲ ಅತ್ತಿಗೆಯ ಮಡಿಲಲ್ಲಿ ಒಂದು ಕುರಿಮರಿ ಇತ್ತು. ಗುಂತಕಲ್ಲಿನಲ್ಲಿ ಟಿಕೆಟ್ ನೋಡುವವನು ಬೈದ, ದ್ರೋಣಾಚಲದಲ್ಲಿ ಅದು ಯಾರದೋ ಹಾಸಿಗೆಯ ಮೇಲೆ ಹೊಯ್ದು ಅವರೂ ಬೈದರು. ಇದೇನು ಸಂತೆಯೇ ಎಂದು ಕಚೇರಿಯ ಬಾಗಿಲಲ್ಲಿ ಜವಾನ ತೆಲುಗಿನಲ್ಲಿ ಗದರುತ್ತ ಅಡ್ಡ ಬಂದ.

“ಇದಿ ಆಫೀಸಮ್ಮಾ, ಸಂತ ಕಾದು” ಎಂದ.

“ಗುರ್ತು ತಾ ಅಂದಾರ, ತಂದೀನಿ” ಎಂದು ಅತ್ತಿಗೆ ಅವನ ತೋಳು ಸರಿಸಿ ಒಳಗೆ ಹೋಗಿ, ಮರಿಯನ್ನು ಗುಮಾಸ್ತನ ಮೇಜಿನ ಮೇಲೆ, ರಿಜಿಸ್ಟರಿನ ಮೇಲೇ ನಿಲ್ಲಿಸಿದಳು. ಎಡಗಿವಿ ಹಿಡಿದು ಬಿಡಿಸಿ, “ಕಾರ್ಡು ಬಾಜೂಕ ಇಟ್ಟು ನೋಡ್ರಿ” ಎಂದಳು.

ಅವನು ನೋಡಿದ. ಎರಡು ಕಚ್ಚು, ಒಂದು ಸೀಳು. ಮರಿ ಅವನ ಕಾಗದವೊಂದನ್ನು ಅಗಿಯುತ್ತಿತ್ತು. ಈ ಸಲ ಯಾರೂ ನಗಲಿಲ್ಲ. ಅವನು ಮೂರು ಕಾರ್ಡುಗಳನ್ನೂ ಆಕೆಯ ಕೈಗೆ ಕೊಟ್ಟ, ನನ್ನ ಹತ್ತಿರ ರುಜು ಹಾಕಿಸಿಕೊಂಡ.

ಕಚೇರಿಯ ಕಟ್ಟೆಯ ಮೇಲೆ ಕೂತು ನಾನು ಓದಿ ಹೇಳಿದೆ. ಮೊದಲ ಎರಡರಲ್ಲಿ ಕ್ಷೇಮ ಸಮಾಚಾರ, ಕುರಿಗಳ ಸಮಾಚಾರ. ಮೂರನೆಯದರ ಮೇಲಿದ್ದ ತಿಂಗಳನ್ನು ಎರಡು ಸಲ ಓದಿದೆ. ನಾವು ಅಣ್ಣನ ದಿನ ಮಾಡಿದ ತಿಂಗಳೇ ಅದು. ಅದರಲ್ಲಿ ಹೀಗೆ ಬರೆಸಿದ್ದ: “ಇಲ್ಲಿ ಚಳಿ ಬಹಳ. ಗೆಡ್ಡೆಯ ಸಿಪ್ಪೆ ಬೇಯಿಸಿ ಕೊಡುತ್ತಾರೆ, ಅದೂ ಒಂದೇ ಹೊತ್ತು. ಎಲ್ಲರಿಗೂ ಮನೆಯಿಂದ ಕಾಗದ ಬರುತ್ತದೆ, ನನಗೆ ಬರುವುದಿಲ್ಲ. ನನ್ನ ಮೇಲೆ ಸಿಟ್ಟಾಗಿದ್ದರೆ ಬೈದಾದರೂ ಬರೆಯಿರಿ.”

ಅತ್ತಿಗೆ ಅಷ್ಟು ವರ್ಷದಲ್ಲಿ ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಅವತ್ತು ಅತ್ತಳು. ಆಮೇಲೆ, “ಬೈದು ಬರಿ” ಎಂದಳು. ಅಲ್ಲೇ ಬರೆದೆ.

ಕಾರ್ಡು ಕಂಡ ಮೇಲೆ ಹಿರಿಯರು ಬಳೆಯ ಗಡುವಿನ ಮಾತೆತ್ತಲಿಲ್ಲ. ಯುದ್ಧ ಮುಗಿದ ಮರುವರ್ಷ ಅಣ್ಣ ಬಂದ. ಆದವಾನಿ ಸ್ಟೇಷನ್ನಿನಲ್ಲಿ ನಾನೇ ಇಳಿಸಿಕೊಂಡೆ. ಮುಂದಿನ ಹಲ್ಲುಗಳಿರಲಿಲ್ಲ, ಯಾರದೋ ಅಳತೆಯ ಕೋಟು ಹಾಕಿದ್ದ. ಗಾಡಿ ಮಾಡಿಕೊಂಡು ಹೊಳಗುಂದಕ್ಕೆ ಹೋದರೆ, ಊರಬಾಗಿಲಲ್ಲಿ, ಅಗಸೆಯ ಬಳಿ ಹಿರಿಯರು ನಿಂತಿದ್ದರು. ಅಪ್ಪನೂ ಅವರ ಜೊತೆಗೇ ನಿಂತಿದ್ದ. ಸ್ವಾಗತಕ್ಕೆ ಎಂದುಕೊಂಡೆ.

“ದಿನ ಮಾಡಿದ ಮನಷ್ಯಾ ಹಂಗ ಒಳಗ ಬರಬಾರದು” ಎಂದ ಅವರಲ್ಲಿ ದೊಡ್ಡವನು. “ಹೊಸದಾಗಿ ಹುಟ್ಟಿದಂಗ ತೊಟ್ಟಿಲಾಗ ಕುಂದ್ರಿಸಿ ಮತ್ತ ಹೆಸರು ಇಡಬೇಕು. ಆಕಿಗೂ ಮತ್ತ ತಾಳಿ ಕಟ್ಟಬೇಕು.”

ಅತ್ತಿಗೆ ಅವರ ಹಿಂದಿನಿಂದ ದಾರಿ ಮಾಡಿಕೊಂಡು ಬಂದಳು. ಬಳೆ ತುಂಬಿದ ಎರಡೂ ಕೈಯನ್ನು ಎಲ್ಲರ ಮುಖಕ್ಕೆ ಹಿಡಿದಳು.

“ಬಿಚ್ಚಿದ್ರ ಮತ್ತ ಕಟ್ಟಬೇಕು. ನಾ ಯಾವಾಗ ಬಿಚ್ಚೀನಿ?”

ಅಣ್ಣ ಗಾಡಿಯಿಂದ ನಿಧಾನವಾಗಿ ಇಳಿದ.

“ನನ್ನ ದಿನದ ಊಟ ಉಂಡವರು ಯಾರದೀರಿ, ಕೈ ಎತ್ರಿ. ಅವರು ಮದಲು ತೊಟ್ಟಿಲಾಗ ಕುಂದರ್ಲಿ, ಆಮ್ಯಾಲ ನಾ ಕುಂದರ್ತೀನಿ.”

ಅಲ್ಲಿದ್ದವರೆಲ್ಲ ಉಂಡವರೇ. ಒಂದು ಕೈಯೂ ಏಳಲಿಲ್ಲ. ಅಪ್ಪ ಕಂಬಳಿ ಸರಿಮಾಡಿಕೊಳ್ಳುತ್ತ ನೆಲ ನೋಡಿದ. ದೊಡ್ಡವನು ಕೆಮ್ಮಿದ. ಅವರ ಹೇಡಿತನ ನೋಡಿ ನನಗೆ ಉರಿದುಹೋಯಿತು. ಆದರೆ ಆ ಸೋಮವಾರ ಅತ್ತಿಗೆ ಕುರಿಹಟ್ಟಿಯಲ್ಲಿ ಉಪವಾಸ ಕೂತಿದ್ದಾಗ, ಹೊರಗೆ ಸಾಲಿನಲ್ಲಿ ಕೂತು ಎಲೆ ಹಾಕಿಸಿಕೊಂಡವಳು ನಾನೂ ಹೌದು. ಒಲ್ಲೆ ಎನ್ನಲಿಲ್ಲ. ಎರಡನೆಯ ಸಲವೂ ಬಡಿಸಿಕೊಂಡಿದ್ದೆ.

ನಾನು ಕೈ ಎತ್ತಿದೆ.

ಅಣ್ಣ ನನ್ನ ಕಡೆ ತಿರುಗಿದ. “ಏನು ಕಡಿದಿದ್ರು?”

“ನಿನ್ನ ಟಗರು.”

ಬೈಯಲಿ ಎಂದು ಕಾದೆ. ಬೈದಿದ್ದರೆ ನನ್ನ ಸಿಟ್ಟಿಗೂ ಒಂದು ಕೊನೆ ಇರುತ್ತಿತ್ತು. ಅವನು ಹತ್ತಿರ ಬಂದು, ನನಗಷ್ಟೇ ಕೇಳುವಂತೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ.

“ನೀನರ ಹೊಟ್ಟಿ ತುಂಬ ಉಂಡ್ಯಾ?”

“ಹೂಂ” ಎಂದೆ.

ಅವನು ತಲೆಯಾಡಿಸಿ, ಅತ್ತಿಗೆಯ ಹಿಂದೆ ಅಗಸೆ ದಾಟಿ ಮನೆಗೆ ಹೋದ.