ಹಡಗಿನ ಪಂಕ್ತಿ

ಬನವಾಸಿಯ ಶಾರದವ್ವ ಹಡಗು ಹತ್ತಿ ಸಮುದ್ರ ಸುತ್ತೋಕೆ ಹೊರಟಳಂತೆ ಅಂತ ಓಣಿಯವರೆಲ್ಲ ನಕ್ಕರು. ಆಡಿಕೊಳ್ಳೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಗಂಡ ಶಂಕ್ರಪ್ಪ ತೀರಿಕೊಂಡ ಮೇಲೆ ಕಿರಾಣಿ ಅಂಗಡೀನ ಒಬ್ಬಳೇ ನಡೆಸಿಕೊಂಡು ಬಂದ ಹೆಂಗಸು. ಮಕ್ಕಳಿಲ್ಲ. ಹಗಲೆಲ್ಲ ಅಂಗಡಿ ತುಂಬ ಮಂದಿ, ಮಾತು, ನಗೆ. ಊಟಕ್ಕೆ ಕೂತರೆ ಎದುರಿಗೆ ಬರೀ ಗೋಡೆ. ಎಲ್ಲ ಒಗ್ಗಿಹೋಯಿತು, ಅದೊಂದು ಮಾತ್ರ ಒಗ್ಗಲಿಲ್ಲ.

ಯಾರೋ ಗಿರಾಕಿ ಮೊಬೈಲಿನಲ್ಲಿ ಹಡಗಿನ ಊಟದ ಹಾಲ್ ತೋರಿಸಿದ್ದರು. ನೂರಾರು ಜನ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಥೇಟ್ ಮಠದ ದಾಸೋಹ ಅಂದುಕೊಂಡುಬಿಟ್ಟಳು, ಪಾಪ. ದಾಸೋಹದ ಪಂಕ್ತಿಯಲ್ಲಿ ಯಾಕೆ ಒಬ್ಬಳೇ ಬಂದಿ ಅಂತ ಯಾರೂ ಕೇಳೋದಿಲ್ಲ, ಪಕ್ಕದವರು ಸರಿದು ಜಾಗ ಕೊಡುತ್ತಾರೆ. ಆದರೆ ಅದು ಜಾತ್ರೆಗೊಂದು ದಿನ. ಹಡಗಿನಲ್ಲಾದರೆ ದಿನಾ, ಮೂರು ಹೊತ್ತೂ!

ತಯಾರಿಯೋ, ಮದುವೆ ಮನೆಯನ್ನೂ ಮೀರಿಸಿತು. ಶಿರಸಿಯ ಡಾಕ್ಟರು ಬಿ.ಪಿ., ಶುಗರ್ ನೋಡಿ, ಜ್ವರ ಬಾರದ ಹಾಗೆ ಇಂಜೆಕ್ಷನ್ ಚುಚ್ಚಿ, ವಾಂತಿಗೆ ಮಾತ್ರೆ ಕೊಟ್ಟರು. ಮಾತ್ರೆಯೆಲ್ಲ ಕೈಚೀಲದಲ್ಲೇ ಇರಲಿ, ಉಣ್ಣುವ ಮೊದಲು ಸೋಪು ಹಚ್ಚಿ ಕೈ ತೊಳೀರಿ ಅಂದರು. ಜಾರದ ಬೂಟು ತಂದು ಅಂಗಡಿಯೊಳಗೇ ನಡೆದು ರೂಢಿ ಮಾಡಿಕೊಂಡಳು. ಕೊನೆಗೆ ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ತನಗಲ್ಲ, ಪಕ್ಕ ಕೂತವರಿಗೆ. ಬುತ್ತಿ ಬಿಚ್ಚಿದರೆ ಗುರುತಿಲ್ಲದವರೂ ನೆಂಟರಾಗುತ್ತಾರೆ ಅನ್ನೋದು ಆಕೆಯ ಲೆಕ್ಕ.

ಹೊರಡುವ ವಾರ, ಇದನ್ನ ಹಡಗಿಗೆ ಒಯ್ಯಬಹುದಾ ಅಂತ ಕೇಳೋಕೆ ಒಂದು ಗಂಟು ಬುತ್ತಿ ಹಿಡಿದು, ಟಿಕೆಟ್ ಮಾಡಿಕೊಟ್ಟ ಗಿರೀಶನ ಶಿರಸಿ ಆಫೀಸಿಗೆ ಹೋದಳು. ಮನೆಯ ಅಡುಗೆ ಹಡಗಿನೊಳಗೆ ಬಿಡೋದಿಲ್ಲ ಅಂದ ಅವನು. ಆಕೆಯ ಮುಖ ಬಾಡಿದ್ದು ನೋಡಿ ಸಮಾಧಾನ ಹೇಳಲು ಹೋದ.

"ಒಂದ್ ಛಲೋ ಸುದ್ದಿ ಐತ್ರಿ ಅವ್ವಾರ. ಮಂದಿ ನೆಗಡಿ-ಜ್ವರ ನಿಮಗ ಹತ್ತಬಾರದಂತ ಊಟಕ್ಕ ಮೂಲ್ಯಾಗ ನಿಮಗೊಬ್ಬರಿಗೇ ಬ್ಯಾರೆ ಟೇಬಲ್ ಹೇಳೀನ್ರಿ."

ಶಾರದವ್ವನಿಗೆ ಬಾಯಿ ಬಿಟ್ಟು ಹೇಳೋದಕ್ಕೂ ನಾಚಿಕೆ. ಆದರೂ ಹೇಳಿದಳು.

"ತಮ್ಮಾ, ಒಬ್ಬಾಕಿನ ಉಣ್ಣೂದು ನಮ್ಮ ಮನ್ಯಾಗ ಐತಿ. ಅದಕ್ಕ ಹಡಗ ಯಾಕ? ಮಂದಿ ನಡುವ ಕುಂದರ್ಸು. ನೆಗಡಿ ಬಂದ್ರ ಬರ್ಲಿ."

ಗಿರೀಶ ನಾಲಿಗೆ ಕಚ್ಚಿಕೊಂಡ. ಆಗಲೇ ಫೋನು ಮಾಡಿ ದೊಡ್ಡ ಟೇಬಲ್ಲಿಗೆ ಆಕೆಯ ಹೆಸರು ಹಾಕಿಸಿದ. ಶಾರದವ್ವನ ಕಣ್ಣು ತುಂಬಿ ಬಂತು. ಹಾಗಾದರೆ ಈ ಬುತ್ತೀನ ಇಲ್ಲೇ ಇಬ್ಬರೂ ಉಣ್ಣೋಣ, ಕೈ ತೊಳ್ಕೊಂಡು ಬಾ ಅಂತ ಗಂಟು ಬಿಚ್ಚಿದಳು. ಅವನು ಗಡಿಯಾರ ನೋಡಿದ. ಮನೆಯಲ್ಲಿ ಹೆಂಡತಿ ಉಣ್ಣದೇ ಕಾಯುತ್ತಿರುತ್ತಾಳೆ ಅಂತ ಸಂಕೋಚದಿಂದಲೇ ಹೇಳಿದ.

"ಹೋಗಪಾ. ಕಾಯೋರು ಇದ್ದಾಗ ತಡ ಮಾಡಬಾರ್ದು."

ಬುತ್ತಿ ಮತ್ತೆ ಕಟ್ಟಿಕೊಂಡು ಶಾರದವ್ವ ಬನವಾಸಿ ಬಸ್ಸಿಗೆ ಹೊರಟಳು.